ಪೆಟ್ಟಿಗೆಯೊಳಗಿನ ಪಾಠ

ಚಿಕ್ಕಲಸಂದ್ರದ ನಮ್ಮ ಮನೆಯಲ್ಲಿರುವಂತೆ ನಿಮ್ಮಲ್ಲಿಯೂ ರೌಟರ್ ಎಂಬ ಪುಟ್ಟ ಪೆಟ್ಟಿಗೆ ಇದ್ದೀತು. ಮನೆಯ ಅಂತರಜಾಲಕ್ಕೆಲ್ಲ ಅದೇ ಹೆಬ್ಬಾಗಿಲು. ಅದನ್ನು ನಡೆಸುವ ಫರ್ಮ್‌ವೇರ್ ಎಂಬ ತಂತ್ರಾಂಶವನ್ನು ತಿದ್ದುವುದನ್ನು ತಯಾರಕರು ನಿಲ್ಲಿಸಿದರೆ, ಯಂತ್ರ ಗಟ್ಟಿಯಾಗಿದ್ದರೂ ಕಳ್ಳಗಂಡಿಗಳು ಹಾಗೆಯೇ ಉಳಿಯುತ್ತವೆ.

2003ರಲ್ಲಿ ಲಿಂಕ್‌ಸಿಸ್ ಸಂಸ್ಥೆಯ ಒಂದು ರೌಟರಿನಲ್ಲಿ ಲಿನಕ್ಸ್ ಇರುವುದು ಬಯಲಾಯಿತು. ಲಿನಕ್ಸನ್ನು ಹಂಚುವವರು ಅದರ ಮೂಲಪಾಠವನ್ನೂ ಕೊಡಬೇಕೆಂಬುದು ಪರವಾನಗಿಯ ನಿಯಮ, ಸಂಸ್ಥೆ ಕೊಟ್ಟಿತು. ಆ ಪಾಠದಿಂದಲೇ 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹುಟ್ಟಿತು.

ಹಸ್ತಪ್ರತಿ ಒಬ್ಬರ ಪೆಟ್ಟಿಗೆಯಲ್ಲಿದ್ದರೆ ಅಪಪಾಠ ಅಳಿಯದು. ಹಲವರ ಕೈಸೇರಿದರೆ ಶುದ್ಧವಾದೀತು. ಈ ಮಾತು ಇಲ್ಲಿಗೂ ಸಲ್ಲುತ್ತದೆಂದು ನನ್ನ ನಂಬಿಕೆ.

ಬದಲಿಸಲು ಹೊರಡುವವರು ತಮ್ಮ ರೌಟರಿನ ಮಾದರಿ, ಆವೃತ್ತಿ ಎರಡೂ ಓಪನ್‌ಡಬ್ಲ್ಯುಆರ್‌ಟಿಯ ಪಟ್ಟಿಯಲ್ಲಿವೆಯೇ ಎಂದು ಮೊದಲು ನೋಡಬೇಕು. ಬರೆಯುವ ನಡುವೆ ವಿದ್ಯುತ್ ಕಡಿದರೆ ಪೆಟ್ಟಿಗೆ ನಿಷ್ಪ್ರಯೋಜಕವಾದೀತು. ಆ ಎಚ್ಚರವಿದ್ದರೆ ಹಳೆಯ ಯಂತ್ರ ಕಸವಾಗದು.