ಮನೆ ನವೀಕರಣ ಮತ್ತು ವಿದ್ಯುತ್ ವೈರಿಂಗ್: ಗ್ರಾಹಕರಿಗೆ ಮಾಹಿತಿ

ಹಳೆಯ ಮನೆಯನ್ನು ನವೀಕರಿಸುವಾಗ ವೈರಿಂಗ್ ವಿಷಯವು ಕೊನೆಗೆ ಉಳಿದರೆ, ಗಾರೆ ಮುಗಿದ ಗೋಡೆಯನ್ನು ಮತ್ತೆ ಒಡೆಯಬೇಕಾಗುತ್ತದೆ. ಒಡೆಯದೇ ಬಿಟ್ಟಲ್ಲಿ, ಹಳೆಯ ತಂತಿಗಳ ಮೇಲೆಯೇ ಹೊಸ ಉಪಕರಣಗಳ ಹೊರೆ ಬಿದ್ದು ಬೆಂಕಿ ಅನಾಹುತಕ್ಕೆ ಆಸ್ಪದವಾಗುತ್ತದೆ. ಆದುದರಿಂದ ಕಾಮಗಾರಿ ಆರಂಭಿಸುವ ಮುನ್ನ ಕರ್ನಾಟಕದ ಗ್ರಾಹಕರು ಈ ಕೆಳಕಂಡ ಅಂಶಗಳನ್ನು ಗಮನಿಸುವುದು ಸೂಕ್ತ.

1. ಲೋಡ್ ಲೆಕ್ಕಾಚಾರ
ಬಳಸಲಿರುವ ಎಲ್ಲ ಉಪಕರಣಗಳ ವ್ಯಾಟ್ ಪ್ರಮಾಣವನ್ನು ಪಟ್ಟಿ ಮಾಡತಕ್ಕದ್ದು. ಉದಾಹರಣೆಗೆ, 2000 ವ್ಯಾಟ್‌ನ ಗೀಸರ್, 1800 ವ್ಯಾಟ್‌ನ ಇಂಡಕ್ಷನ್ ಒಲೆ ಮತ್ತು 1500 ವ್ಯಾಟ್‌ನ ಹವಾನಿಯಂತ್ರಕ ಏಕಕಾಲದಲ್ಲಿ ಚಾಲನೆಯಲ್ಲಿದ್ದರೆ ಒಟ್ಟು 5.3 ಕಿಲೋವ್ಯಾಟ್ ಆಗುತ್ತದೆ. 230 ವೋಲ್ಟ್‌ನಲ್ಲಿ ಇದು ಸುಮಾರು 23 ಆಂಪಿಯರ್ ವಿದ್ಯುತ್ ಪ್ರವಾಹಕ್ಕೆ ಸಮ.

2. ಹೆಚ್ಚುವರಿ ಲೋಡ್ ಮಂಜೂರಾತಿ
ಮಂಜೂರಾದ ಲೋಡ್ ಮಾಸಿಕ ಬಿಲ್ಲಿನಲ್ಲಿ ನಮೂದಾಗಿರುತ್ತದೆ. ಅಗತ್ಯವು ಅದಕ್ಕಿಂತ ಹೆಚ್ಚಾದಲ್ಲಿ ಆರ್.ಆರ್. ಸಂಖ್ಯೆಯೊಂದಿಗೆ ಸಂಬಂಧಿಸಿದ ವಿದ್ಯುತ್ ಸರಬರಾಜು ಕಂಪನಿಯ ಉಪವಿಭಾಗ ಕಚೇರಿಗೆ ಅರ್ಜಿ ಸಲ್ಲಿಸತಕ್ಕದ್ದು. ಮೂರು ಫೇಸ್ ಸಂಪರ್ಕ ಅಗತ್ಯವಾದಲ್ಲಿ ಮೀಟರ್ ಮತ್ತು ಸರ್ವಿಸ್ ತಂತಿಯೂ ಬದಲಾಗುವುದರಿಂದ ಮುಂಚಿತವಾಗಿ ಅರ್ಜಿ ಸಲ್ಲಿಸುವುದು ಒಳಿತು. ನಿಗದಿತ ಶುಲ್ಕವು ಮಂಜೂರಾದ ಲೋಡ್‌ಗೆ ಅನುಗುಣವಾಗಿರುವುದರಿಂದ ಅನಗತ್ಯ ಲೋಡ್ ಕೋರುವುದೂ ಹಿತಕರವಲ್ಲ.

3. ತಂತಿ ಮತ್ತು ಎಂ.ಸಿ.ಬಿ.
ಸಾಮಾನ್ಯವಾಗಿ ದೀಪ ಮತ್ತು ಫ್ಯಾನ್‌ಗಳಿಗೆ 1.5 ಚದರ ಮಿ.ಮೀ., ಪವರ್ ಸಾಕೆಟ್‌ಗಳಿಗೆ 2.5 ಚದರ ಮಿ.ಮೀ., ಗೀಸರ್ ಹಾಗೂ ಹವಾನಿಯಂತ್ರಕಗಳಿಗೆ 4 ಚದರ ಮಿ.ಮೀ. ತಾಮ್ರದ ತಂತಿಯನ್ನು ಬಳಸಲಾಗುತ್ತದೆ. ಐ.ಎಸ್.ಐ. ಗುರುತುಳ್ಳ ತಂತಿಯನ್ನೇ ಖರೀದಿಸತಕ್ಕದ್ದು. ಎಂ.ಸಿ.ಬಿ. ಪದೇ ಪದೇ ಟ್ರಿಪ್ ಆಗುತ್ತಿದೆಯೆಂದು ಹೆಚ್ಚಿನ ಆಂಪಿಯರ್‌ನ ಎಂ.ಸಿ.ಬಿ. ಅಳವಡಿಸುವುದು ಅಪಾಯಕಾರಿ. ತಂತಿಯು ತಾಳಲಾರದ ಪ್ರವಾಹವನ್ನು ತಡೆಯುವುದೇ ಅದರ ಕೆಲಸ. ಅದು ಟ್ರಿಪ್ ಆಗದಿದ್ದಲ್ಲಿ ತಂತಿಯೇ ಕಾದು ಹೊರಕವಚ ಕರಗುತ್ತದೆ.

4. ಅರ್ಥಿಂಗ್ ಮತ್ತು ಆರ್.ಸಿ.ಸಿ.ಬಿ.
ಅನೇಕ ಹಳೆಯ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಅದಕ್ಕೆ ಅರ್ಥ್ ತಂತಿ ಇರುವುದಿಲ್ಲ. ಹಸಿರು ಬಣ್ಣದ ಅರ್ಥ್ ತಂತಿಯು ಪ್ರತಿ ಸಾಕೆಟ್‌ಗೂ ತಲುಪಿದೆಯೇ ಎಂಬುದನ್ನು ಪರೀಕ್ಷಿಸತಕ್ಕದ್ದು. ಮನುಷ್ಯನ ದೇಹದ ಮೂಲಕ ಸೋರುವ ಅಲ್ಪ ಪ್ರವಾಹವನ್ನು ಎಂ.ಸಿ.ಬಿ. ಗುರುತಿಸಲಾರದು, ಇದಕ್ಕೆ 30 ಮಿಲಿಆಂಪಿಯರ್ ಸಂವೇದನೆಯ ಆರ್.ಸಿ.ಸಿ.ಬಿ. ಅಗತ್ಯ. ಒಂದು ಮತ್ತೊಂದಕ್ಕೆ ಬದಲಿಯಲ್ಲವಾದ್ದರಿಂದ ಎರಡನ್ನೂ ಅಳವಡಿಸತಕ್ಕದ್ದು. ಆರ್.ಸಿ.ಸಿ.ಬಿ.ಯ ಪರೀಕ್ಷಾ ಗುಂಡಿಯನ್ನು ಆಗಾಗ್ಗೆ ಒತ್ತಿ, ಅದು ಕಾರ್ಯನಿರತವಾಗಿದೆಯೆಂದು ಖಚಿತಪಡಿಸಿಕೊಳ್ಳುವುದು.

5. ಕಾಮಗಾರಿ ನಿರ್ವಹಣೆ
ವೈರಿಂಗ್ ಕಾಮಗಾರಿಯನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು. ಮೀಟರ್‌ನ ಮೊಹರನ್ನು ಗ್ರಾಹಕರಾಗಲಿ ಗುತ್ತಿಗೆದಾರರಾಗಲಿ ಒಡೆಯುವಂತಿಲ್ಲ. ಗಾರೆ ಹಾಕುವ ಮುನ್ನ ಪೈಪುಗಳು ಹಾದುಹೋಗಿರುವ ಗೋಡೆಗಳ ಛಾಯಾಚಿತ್ರ ತೆಗೆದಿರಿಸಿದಲ್ಲಿ ಮುಂದೆ ಮೊಳೆ ಹೊಡೆಯುವಾಗ ತಂತಿಗೆ ಹಾನಿಯಾಗುವುದು ತಪ್ಪುತ್ತದೆ. ಗುತ್ತಿಗೆದಾರರಿಂದ ಪಡೆದ ಕಾಮಗಾರಿ ಪೂರ್ಣಗೊಂಡ ವರದಿ ಹಾಗೂ ವೈರಿಂಗ್ ನಕ್ಷೆಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು.

ಹೆಚ್ಚಿನ ಮಾಹಿತಿಗಾಗಿ ಸಂಬಂಧಿಸಿದ ಉಪವಿಭಾಗ ಕಚೇರಿಯನ್ನು ಅಥವಾ ಸಹಾಯವಾಣಿ 1912 ಅನ್ನು ಸಂಪರ್ಕಿಸಬಹುದು.