ಜೈಲಿನ ಗೋಡೆ ರೋಗಕ್ಕೆ ಅಡ್ಡವಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ಅಂಕೋಲೆಯ ನನ್ನ ದವಾಖಾನೆಗೆ ಮೀನು ಮಾರುವ ತಾಯಿಯೊಬ್ಬರು ಬಂದರು. ವರ್ಷಗಟ್ಟಲೆ ಹತೋಟಿಯಲ್ಲಿದ್ದ ಅವರ ರಕ್ತದೊತ್ತಡ ಅಂದು 180/110ಕ್ಕೆ ಏರಿತ್ತು. ಮಾತ್ರೆ ನುಂಗಿ ಹತ್ತು ದಿನವಾಗಿತ್ತು. ಏಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಹೊರಗೆ ಕುಳಿತಿದ್ದ ರೋಗಿಗಳೆಲ್ಲ ಎದ್ದು ಹೋದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ವಿಷಯ ಹೇಳಿದರು. ಮಗ ಹೊಡೆದಾಟದ ಪ್ರಕರಣವೊಂದರಲ್ಲಿ ಸಿಕ್ಕಿಬಿದ್ದು ಜೈಲು ಸೇರಿದ್ದ. ಅವನಿಗೆ ಹುಡುಗನಾಗಿದ್ದಾಗಿನಿಂದ ಮೂರ್ಛೆರೋಗ. "ಅವ್ನ ಗುಳಿಗೆ ಮನೇಲೇ ಉಳಿದದೆ. ಮುಟ್ಟಿಸೂದು ಹ್ಯಾಂಗ್ರಾ ಡಾಕ್ಟ್ರೇ?" ಎಂದರು.

ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಮೊದಲು ಬಂದ ಯೋಚನೆ 'ಇದು ಪೊಲೀಸ್ ವ್ಯವಹಾರ, ನನಗೇಕೆ?' ಎಂಬುದು. ಆದರೆ ಮೂರ್ಛೆರೋಗದ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಎರವಾಗಬಹುದು ಎಂಬುದು ನನಗೆ ಗೊತ್ತಿತ್ತು, ಆ ತಾಯಿಗೆ ಗೊತ್ತಿರಲಿಲ್ಲ. ಲೆಟರ್‌ಹೆಡ್ ತೆಗೆದು ರೋಗದ ಹೆಸರು, ಔಷಧದ ಹೆಸರು, ಪ್ರಮಾಣ, ಕೊನೆಯ ಸಲ ಫಿಟ್ಸ್ ಬಂದ ದಿನ ಇಷ್ಟನ್ನು ಬರೆದುಕೊಟ್ಟೆ. ಐದು ನಿಮಿಷದ ಕೆಲಸ. ಆ ಐದು ನಿಮಿಷದ ಬಗೆಗೇ ಈ ವಾರದ ಲೇಖನ.

ಹಳೆಯ ಕಥೆ, ಹೊಸ ಪಾಠ

ಜೈಲಿನೊಳಗಿನವರ ಆರೋಗ್ಯ ನಮಗೇಕೆ ಎಂದು ನೀವು ಕೇಳಬಹುದು. ಇಂಗ್ಲೆಂಡಿನಲ್ಲಿಯೂ ಹಿಂದೆ ಹಾಗೆಯೇ ಕೇಳುತ್ತಿದ್ದರು. 1750ರಲ್ಲಿ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯಕ್ಕೆ ಕೈದಿಗಳ ಜತೆಗೆ 'ಜೈಲು ಜ್ವರ'ವೂ ಬಂದಿತು. ನ್ಯಾಯಾಧೀಶರು, ವಕೀಲರು ಮಾತ್ರವಲ್ಲ, ಲಂಡನ್ನಿನ ಮೇಯರರೂ ಅದಕ್ಕೆ ಬಲಿಯಾದರು. ಆ ಜ್ವರವೇ ಹೇನಿನಿಂದ ಹರಡುವ ಟೈಫಸ್. ಹೇನಿಗೆ ಕೈದಿ ಯಾರು, ಜಡ್ಜ್ ಯಾರು ಎಂಬ ಭೇದವಿಲ್ಲ.

1773ರಲ್ಲಿ ಬೆಡ್‌ಫರ್ಡ್‌ಶೈರಿನ ಷೆರಿಫ್ ಆದ ಜಾನ್ ಹೋವರ್ಡ್ ತನ್ನ ಅಧಿಕಾರದ ಜೈಲುಗಳನ್ನು ಒಳಹೊಕ್ಕು ನೋಡಿದ. ನಿರಪರಾಧಿಗಳೆಂದು ತೀರ್ಪು ಬಂದವರೂ ಜೈಲರಿಗೆ ಕೊಡಬೇಕಾದ ಶುಲ್ಕ ಕೊಡಲಾರದೆ ಅಲ್ಲಿಯೇ ಕೊಳೆಯುತ್ತಿದ್ದರು. ಮುಂದೆ ಆತ ಯುರೋಪಿನ ಜೈಲುಗಳನ್ನೆಲ್ಲ ಸುತ್ತಿ 1777ರಲ್ಲಿ ಅವುಗಳ ಸ್ಥಿತಿಗತಿಯ ಬಗ್ಗೆ ಪುಸ್ತಕ ಪ್ರಕಟಿಸಿದ. ಗಾಳಿ, ನೀರು, ಶುಚಿತ್ವ, ವೈದ್ಯ - ಆತ ಕೇಳಿದ್ದು ಇವನ್ನೇ. ಕೊನೆಗೆ 1790ರಲ್ಲಿ ಖೆರ್ಸನ್ ಎಂಬಲ್ಲಿ ಜ್ವರ ತಗುಲಿ ತೀರಿಕೊಂಡ. ಕೈದಿಗಳ ಪರವಾದ ಸ್ವಯಂಸೇವೆಗೆ ಬುನಾದಿ ಹಾಕಿದವರಲ್ಲಿ ಆತನೂ ಒಬ್ಬ.

ನಮ್ಮ ಊರಿಗೂ ಜೈಲು ಹೊಸದಲ್ಲ. 1930ರ ಉಪ್ಪಿನ ಸತ್ಯಾಗ್ರಹ ಮತ್ತು ಮುಂದಿನ ಕರನಿರಾಕರಣೆಯ ಕಾಲದಲ್ಲಿ ಅಂಕೋಲೆಯ ಎಷ್ಟೋ ಮನೆಗಳಿಂದ ಗಂಡಸರೂ ಹೆಂಗಸರೂ ಜೈಲಿಗೆ ಹೋದರು. ಆ ಮನೆಗಳನ್ನು ನೆರೆಹೊರೆಯವರು ನೋಡಿಕೊಂಡರು. ಇಂದು ಜೈಲಿಗೆ ಹೋಗುವವರ ಕಾರಣಗಳು ಬೇರೆ, ಅವರನ್ನು ಸತ್ಯಾಗ್ರಹಿಗಳ ಸಾಲಿಗೆ ಸೇರಿಸುವುದು ಸರಿಯಲ್ಲ. ಆದರೆ ಹಿಂದೆ ಉಳಿದ ಮನೆಯ ಕಷ್ಟ ಅಂದಿನಂತೆ ಇಂದೂ ಕಷ್ಟವೇ.

ಇನ್ನೊಂದು ಮಾತು ನೆನಪಿರಲಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ಎಂದರೆ, ಅವರ ತಪ್ಪು ಇನ್ನೂ ಸಾಬೀತಾಗಿಲ್ಲ. ಇಂದಲ್ಲ ನಾಳೆ ಅವರಲ್ಲಿ ಬಹುತೇಕರು ಮನೆಗೆ ಬರುವವರೇ. ಒಳಗೆ ತಗುಲಿದ ರೋಗವೂ ಅವರ ಜತೆಗೇ ಮನೆಗೆ ಬರುತ್ತದೆ.

ಮೊದಲ ಮೂರು ದಿನ

ಬಂಧನವಾದ ಮೊದಲ ಮೂರು ನಾಲ್ಕು ದಿನಗಳು ಆರೋಗ್ಯದ ದೃಷ್ಟಿಯಿಂದ ಬಹಳ ನಾಜೂಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಮೂರ್ಛೆರೋಗದವರು, ಹೃದ್ರೋಗಿಗಳು, ದಮ್ಮಿನವರು, ಮಾನಸಿಕ ಕಾಯಿಲೆಗೆ ಔಷಧ ಸೇವಿಸುವವರು, ಎಚ್‌ಐವಿ ಅಥವಾ ಕ್ಷಯಕ್ಕೆ ಚಿಕಿತ್ಸೆಯಲ್ಲಿರುವವರು - ಇವರ ಔಷಧ ಒಂದು ದಿನವೂ ತಪ್ಪಬಾರದು.

ಕುಡಿತದ ಚಟವಿದ್ದವರ ಬಗ್ಗೆ ವಿಶೇಷ ಎಚ್ಚರ ಬೇಕು. ದಿನವೂ ಕುಡಿಯುತ್ತಿದ್ದವನಿಗೆ ಒಮ್ಮೆಲೇ ಸಾರಾಯಿ ನಿಂತರೆ ಒಂದು ದಿನದೊಳಗೆ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುವುದು, ಕೂಗಾಡುವುದು, ಜ್ವರ ಏರುವುದು ಉಂಟು. ಇದು ನಾಟಕವಲ್ಲ, ದೆವ್ವವೂ ಅಲ್ಲ. ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗದಿದ್ದರೆ ಸಾವು ತರಬಲ್ಲ ಸ್ಥಿತಿ.

ಬಂಧಿತನನ್ನು ವೈದ್ಯರಿಂದ ಪರೀಕ್ಷೆ ಮಾಡಿಸಬೇಕೆಂದು ಕಾನೂನೇ ಹೇಳುತ್ತದೆ. 1 ಜುಲೈ 2024ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೆಯ ಕಲಮಿನಲ್ಲಿ ಇದು ಇದೆ. ಬಂಧಿತರು ಹೆಂಗಸಾದರೆ ಮಹಿಳಾ ವೈದ್ಯರೇ ಪರೀಕ್ಷಿಸಬೇಕು ಅಥವಾ ಅವರ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ನಡೆಯಬೇಕು. ಆ ಪರೀಕ್ಷೆಯ ಹೊತ್ತಿಗೇ ಇರುವ ಕಾಯಿಲೆಯನ್ನೂ ಕುಡಿತವನ್ನೂ ಮುಚ್ಚಿಡದೆ ಹೇಳಬೇಕು. ಬಂಧಿಸಿದ 24 ಗಂಟೆಗಳೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಅಲ್ಲಿಯೂ ಹೇಳಬಹುದು.

ಮನೆಯವರು ಮಾಡಬೇಕಾದದ್ದು ಇಷ್ಟೇ. ಹಳೆಯ ಚೀಟಿಗಳು, ತಪಾಸಣೆಯ ವರದಿಗಳು, ನಿಮ್ಮ ಡಾಕ್ಟರರ ಪತ್ರ - ಇವುಗಳ ನಕಲು ಪ್ರತಿಯನ್ನು ಜೈಲಿನ ಅಧೀಕ್ಷಕರಿಗೆ ಕೊಟ್ಟು, ಅಲ್ಲಿಯ ವೈದ್ಯಾಧಿಕಾರಿಗೆ ತಲುಪಿಸುವಂತೆ ಕೇಳಿ. ಮೂಲ ಪ್ರತಿ ನಿಮ್ಮಲ್ಲಿರಲಿ. ಮಾತ್ರೆಗಳನ್ನು ಊಟದ ಡಬ್ಬಿಯಲ್ಲೋ ಬಟ್ಟೆಯಲ್ಲೋ ಅಡಗಿಸಿ ಕಳಿಸುವ ಸಾಹಸ ಖಂಡಿತ ಬೇಡ. ಅದರಿಂದ ಹೊಸ ತೊಂದರೆ ಹುಟ್ಟುತ್ತದೆ. ವೈದ್ಯಮಿತ್ರರಲ್ಲಿಯೂ ಒಂದು ವಿನಂತಿ: ಇಂತಹ ಪತ್ರ ಬರೆಯಲು ಹಿಂಜರಿಯಬೇಡಿ. ನಾವು ಬರೆಯುವುದು ರೋಗಿಯ ಕಾಯಿಲೆಯನ್ನು, ಅವನ ಗುಣನಡತೆಯನ್ನಲ್ಲ.

ಕೆಮ್ಮು ಮತ್ತು ತುರಿಕೆ

ಇಕ್ಕಟ್ಟಿನಲ್ಲಿ ಹೆಚ್ಚು ಜನ ಒಟ್ಟಿಗೆ ಮಲಗುವ ಯಾವುದೇ ಜಾಗದಲ್ಲಿ ಎರಡು ರೋಗಗಳು ಬೇಗ ಹರಡುತ್ತವೆ. ಮೊದಲನೆಯದು ಕ್ಷಯ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಕಫದಲ್ಲಿ ರಕ್ತ - ಇವುಗಳಲ್ಲಿ ಯಾವುದು ಕಂಡರೂ ಕಫ ಪರೀಕ್ಷೆ ಆಗಬೇಕು. ಪರೀಕ್ಷೆ, ಔಷಧ ಎರಡೂ ಸರ್ಕಾರದಿಂದ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಅಡಚಣೆ ಬರುವುದು ಬಿಡುಗಡೆಯ ದಿನ. ಜಾಮೀನು ಸಿಕ್ಕ ಸಂತೋಷದಲ್ಲಿ ಮಾತ್ರೆಯ ಚೀಟಿ ಒಳಗೇ ಉಳಿಯುತ್ತದೆ, ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಆಗ ಔಷಧಕ್ಕೆ ಬಗ್ಗದ ಕ್ಷಯ ಹುಟ್ಟುವ ಭಯವಿದೆ. ಹೊರಬರುವಾಗ ಚಿಕಿತ್ಸೆಯ ಕಾಗದ ಮತ್ತು ನಿಕ್ಷಯ್ ಸಂಖ್ಯೆ ಕೇಳಿ ತರಬೇಕು. ಮರುದಿನವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲೂಕು ಆಸ್ಪತ್ರೆಗೋ ಹೋಗಬೇಕು. ಮನೆಯವರೂ, ಅದರಲ್ಲೂ ಚಿಕ್ಕ ಮಕ್ಕಳು, ತಪಾಸಣೆ ಮಾಡಿಸಿಕೊಳ್ಳಬೇಕು.

ಎರಡನೆಯದು ತುರಿಕಜ್ಜಿ. ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ, ತೊಡೆಸಂದಿಯಲ್ಲಿ ಗುಳ್ಳೆಗಳೆದ್ದು ರಾತ್ರಿ ಹೊತ್ತು ತುರಿಕೆ ಹೆಚ್ಚುತ್ತದೆ. ಡಾಕ್ಟರರು ಕೊಟ್ಟ ಮುಲಾಮನ್ನು ಕುತ್ತಿಗೆಯಿಂದ ಪಾದದವರೆಗೆ ಹಚ್ಚಿ ರಾತ್ರಿಯಿಡೀ ಬಿಡಬೇಕು. ತುರಿಕೆ ಇರಲಿ ಬಿಡಲಿ, ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು. ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಹುಳು ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರಬಹುದು. ಹೆದರಬೇಕಿಲ್ಲ.

ಮನಸ್ಸಿನ ಗಾಯ

ಬೆಂಗಳೂರಿನ ಕೇಂದ್ರ ಕಾರಾಗೃಹದ ಸಾವಿರಾರು ಬಂದಿಗಳನ್ನು ಸಂದರ್ಶಿಸಿ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು 2011ರಲ್ಲಿ ವರದಿ ಪ್ರಕಟಿಸಿದ್ದಾರೆ. ಮಾನಸಿಕ ತೊಂದರೆ ಮತ್ತು ಮಾದಕ ವ್ಯಸನ ಜೈಲಿನ ದೊಡ್ಡ ಆರೋಗ್ಯ ಸಮಸ್ಯೆ ಎಂಬುದನ್ನು ಅದು ಎತ್ತಿ ತೋರಿಸಿತು. ನಿದ್ರೆ ಬಾರದಿರುವುದು, ಊಟ ಬಿಡುವುದು, ಯಾರೊಡನೆಯೂ ಮಾತಾಡದಿರುವುದು, "ನಾನಿದ್ದು ಏನು ಪ್ರಯೋಜನ" ಎನ್ನುವುದು ಇವೆಲ್ಲ ಅಪಾಯದ ಸೂಚನೆಗಳು. ಭೇಟಿಗೆ ಹೋದಾಗ ಇಂತಹ ಮಾತು ಕೇಳಿದರೆ ಜೈಲಿನ ಅಧಿಕಾರಿಗೆ ಕೂಡಲೇ ತಿಳಿಸಿ. "ಸಾಯುವ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಮನಸ್ಸು ಹಗುರಾಗುತ್ತದೆ.

ಮನೆಯಲ್ಲಿ ಉಳಿದವರೂ ರೋಗಿಗಳೇ. ತಾಯಿ ತನ್ನ ಮಾತ್ರೆ ಬಿಡುತ್ತಾಳೆ, ಹೆಂಡತಿಗೆ ತಲೆನೋವು ಹಿಡಿಯುತ್ತದೆ, ಮಗು ಹಾಸಿಗೆ ಒದ್ದೆ ಮಾಡತೊಡಗುತ್ತದೆ, ಶಾಲೆಗೆ ಹೋಗಲು ಹಟ ಮಾಡುತ್ತದೆ. ನಮ್ಮ ಕರಾವಳಿಯಲ್ಲಿ ಮಕ್ಕಳಿಗೆ "ಅಪ್ಪ ದುಬೈಗೆ ಹೋಗಿದ್ದಾನೆ" ಎನ್ನುವುದು ಸುಲಭ. ಆದರೆ ಶಾಲೆಯಲ್ಲಿ ಬೇರೆ ಹುಡುಗರ ಬಾಯಿಂದ ನಿಜ ತಿಳಿದಾಗ ಮಗುವಿಗೆ ಎರಡು ಪೆಟ್ಟು, ಅಪ್ಪನದೊಂದು, ಅಮ್ಮನ ಸುಳ್ಳಿನದೊಂದು. ವಯಸ್ಸಿಗೆ ತಕ್ಕಂತೆ ನಿಜವನ್ನೇ ಹೇಳಿ: "ಅಪ್ಪ ಕೋರ್ಟಿನ ಕೆಲಸದಲ್ಲಿ ಸಿಕ್ಕಿಕೊಂಡಿದ್ದಾನೆ, ಜೈಲಿನಲ್ಲಿದ್ದಾನೆ. ಇದರಲ್ಲಿ ನಿನ್ನದೇನೂ ತಪ್ಪಿಲ್ಲ." ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416 ಎಂಬ ಉಚಿತ ದೂರವಾಣಿ ಇದೆ. ಕನ್ನಡದಲ್ಲೇ ಮಾತಾಡಬಹುದು.

ಸಹಾಯ ಎಲ್ಲಿದೆ?

ಬಡವರಿಗೆ ವಕೀಲರ ಚಿಂತೆಯೇ ದೊಡ್ಡ ರೋಗ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಬಂಧನದಲ್ಲಿರುವ ಯಾರಿಗೇ ಆದರೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಸಿಗಬೇಕು. ನಮ್ಮ ಜಿಲ್ಲೆಗೆ ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ತಾಲೂಕು ಮಟ್ಟದಲ್ಲಿ ಸಮಿತಿಗಳಿವೆ. ಅಂಕೋಲೆಯಿಂದ ಕಾರವಾರಕ್ಕೆ ಸುಮಾರು 35 ಕಿಲೋಮೀಟರ್. ಆ ಬಸ್ ಖರ್ಚಿಗೂ ಕಷ್ಟವಿದ್ದರೆ 15100 ಸಂಖ್ಯೆಗೆ ಫೋನ್ ಮಾಡಬಹುದು. ಜಾಮೀನು ಮಂಜೂರಾದರೂ ಹಣವಿಲ್ಲದೆ ಒಳಗೇ ಉಳಿದ ಬಡ ಬಂದಿಗಳಿಗಾಗಿ ಕೇಂದ್ರ ಸರ್ಕಾರ 2023ರಲ್ಲಿ ಒಂದು ನೆರವಿನ ಯೋಜನೆ ತಂದಿದೆ. ಅದನ್ನೂ ಅಲ್ಲಿಯೇ ವಿಚಾರಿಸಿ.

ಈ ವ್ಯವಸ್ಥೆಗೆ ಕೈಕಾಲು ಎಂದರೆ ಸ್ವಯಂಸೇವಕರು. ಅರೆಕಾನೂನು ಸ್ವಯಂಸೇವಕರೆಂಬ ಯೋಜನೆ 2009ರಲ್ಲಿ ಆರಂಭವಾಯಿತು. ಶಿಕ್ಷಕರು, ನಿವೃತ್ತ ನೌಕರರು, ಅಂಗನವಾಡಿ ಕಾರ್ಯಕರ್ತೆಯರು, ಕಾನೂನು ವಿದ್ಯಾರ್ಥಿಗಳು ತರಬೇತಿ ಪಡೆದು ಬಂದಿಗೂ ವಕೀಲರಿಗೂ ಮನೆಗೂ ನಡುವೆ ಸೇತುವೆಯಾಗುತ್ತಾರೆ. ಅರ್ಜಿ ಬರೆಯುವುದು, ಮನೆಗೆ ಸುದ್ದಿ ಮುಟ್ಟಿಸುವುದು, ವೈದ್ಯರ ಪತ್ರ ತಲುಪಿಸುವುದು ಇವೆಲ್ಲ ಸಣ್ಣ ಕೆಲಸಗಳೇ, ಆದರೆ ಅವುಗಳಿಂದಲೇ ಜೀವ ಉಳಿಯುತ್ತದೆ. ರಂಗಾಯಣದ ಹುಲುಗಪ್ಪ ಕಟ್ಟಿಮನಿಯವರು ನಮ್ಮ ರಾಜ್ಯದ ಜೈಲುಗಳ ಬಂದಿಗಳಿಂದಲೇ ನಾಟಕವಾಡಿಸಿ ತೋರಿಸಿದರು. ಒಬ್ಬ ವೈದ್ಯನಾಗಿ ಹೇಳುವುದಾದರೆ, ತಿಂಗಳುಗಟ್ಟಲೆ ಗೋಡೆ ನೋಡುತ್ತ ಕುಳಿತವನಿಗೆ ತಾಲೀಮು, ಹಾಡು, ಓದು ಇವೂ ಔಷಧವೇ.

ಅಪರಾಧಕ್ಕೆ ಬಲಿಯಾದವರನ್ನು ಮರೆತು ಅಪರಾಧಿಗೆ ಉಪಚಾರವೇ ಎಂದು ಕೆಲವರಿಗೆ ಅನಿಸಬಹುದು. ಅದು ನ್ಯಾಯವಾದ ಪ್ರಶ್ನೆ. ನೊಂದವರಿಗೆ ಪರಿಹಾರ ಕೊಡಿಸುವ ಯೋಜನೆಯೂ ಅದೇ ಕಾನೂನು ಸೇವಾ ಪ್ರಾಧಿಕಾರದ ಕೈಯಲ್ಲಿದೆ. ಪೆಟ್ಟು ತಿಂದವರ ಮನೆಗೂ ಸ್ವಯಂಸೇವಕರು ಹೋಗಬೇಕು. ಒಬ್ಬರಿಗೆ ಚಿಕಿತ್ಸೆ ಕೊಟ್ಟರೆ ಇನ್ನೊಬ್ಬರಿಗೆ ಅನ್ಯಾಯವಾಗುವುದಿಲ್ಲ. ಶಿಕ್ಷೆ ಕೊಡುವುದು ನ್ಯಾಯಾಲಯ, ರೋಗ ಶಿಕ್ಷೆಯ ಭಾಗವಲ್ಲ.

ಹೊರಬಂದ ಮೇಲೆ

ಬಿಡುಗಡೆಯಾದ ಮೊದಲ ಕೆಲವು ವಾರ ಇನ್ನೊಂದು ಅಪಾಯದ ಕಾಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಡುಗಡೆಯ ಮೊದಲ ಎರಡು ವಾರಗಳಲ್ಲಿ ಸಾವಿನ ಪ್ರಮಾಣ ಸಾಮಾನ್ಯ ಜನರಿಗಿಂತ ಹಲವು ಪಟ್ಟು ಹೆಚ್ಚೆಂದು ಕಂಡುಬಂತು. ಮಾದಕ ವಸ್ತುವಿನ ಅತಿಸೇವನೆ ಮುಖ್ಯ ಕಾರಣ. ಒಳಗೆ ಅಭ್ಯಾಸ ತಪ್ಪಿದ ದೇಹಕ್ಕೆ ಹಳೆಯ ಪ್ರಮಾಣವೇ ವಿಷವಾಗುತ್ತದೆ. ಆದ್ದರಿಂದ ಮನೆಗೆ ಬಂದ ದಿನ ಗೆಳೆಯರ 'ಪಾರ್ಟಿ' ಬೇಡ. ಬಿಸಿನೀರಿನ ಸ್ನಾನ, ಗಂಜಿ ಊಟ, ಒಳ್ಳೆಯ ನಿದ್ರೆ, ವಾರದೊಳಗೆ ಒಮ್ಮೆ ವೈದ್ಯರ ತಪಾಸಣೆ - ಇಷ್ಟು ಸಾಕು. ಆಮೇಲೆ ಬೇಕಾದದ್ದು ಕೆಲಸ. ಬೋಟಿನಲ್ಲೋ, ಅಂಗಡಿಯಲ್ಲೋ, ಗ್ಯಾರೇಜಿನಲ್ಲೋ ಅವನಿಗೊಂದು ಕೆಲಸ ಕೊಡುವ ಮಾಲೀಕ, ನನ್ನ ದೃಷ್ಟಿಯಲ್ಲಿ, ಅರ್ಧ ವೈದ್ಯ.

ಆ ತಾಯಿಯ ಮಗನ ವಿಷಯ ಹೇಳಿಬಿಡುತ್ತೇನೆ. ಪತ್ರ ತಲುಪಿತು, ಜೈಲಿನ ವೈದ್ಯರು ಅದೇ ಮಾತ್ರೆ ಮುಂದುವರಿಸಿದರು. ಅಷ್ಟರಲ್ಲಿ ಅವನಿಗೆ ಒಮ್ಮೆ ಫಿಟ್ಸ್ ಬಂದು ನಾಲಿಗೆ ಕಚ್ಚಿಕೊಂಡಿದ್ದ. ಇನ್ನೂ ನಾಲ್ಕು ದಿನ ತಡವಾಗಿದ್ದರೆ ಏನಾಗುತ್ತಿತ್ತೋ. ಉಚಿತ ವಕೀಲರ ನೆರವಿನಿಂದ ಜಾಮೀನು ಸಿಕ್ಕಿತು. ಪ್ರಕರಣದ ತೀರ್ಮಾನ ಕೋರ್ಟಿಗೆ ಬಿಟ್ಟದ್ದು. ಅವನು ಈಗ ತಿಂಗಳಿಗೊಮ್ಮೆ ತಾಯಿಯೊಡನೆ ಬಂದು ಇಬ್ಬರ ಮಾತ್ರೆಯನ್ನೂ ಒಯ್ಯುತ್ತಾನೆ. ಆಕೆಯ ರಕ್ತದೊತ್ತಡ ಕಳೆದ ಸಲ 130/80 ಇತ್ತು.

ನಿಮ್ಮ ಓಣಿಯಲ್ಲಿಯೂ ಇಂತಹ ಮನೆಯೊಂದು ಇರಬಹುದು. ಬಾಗಿಲು ಮುಚ್ಚಿಕೊಂಡಿರುತ್ತದೆ, ಯಾರೂ ಹೋಗುತ್ತಿರುವುದಿಲ್ಲ. ಈ ವಾರ ಒಮ್ಮೆ ಹೋಗಿ ಬನ್ನಿ. ಪ್ರಕರಣದ ಬಗ್ಗೆ ಏನೂ ಕೇಳಬೇಡಿ. "ಮಾತ್ರೆ ತಗೊಂಡ್ರಾ?" ಎಂದಷ್ಟೇ ಕೇಳಿ.