ಹಕ್ಕಿದೆ, ಕಾಗದ ಎಲ್ಲಿ?

ರಾತ್ರಿ ಹತ್ತೂವರೆಗೆ ಬುಲೆಟಿನ್ ಮುಗಿಸಿ ಮೈಕ್ ಕಳಚುತ್ತಿದ್ದೆ. ಲಂಡನ್ನಿನಿಂದ ನನ್ನ ಇಂಜಿನಿಯರಿಂಗ್ ಗೆಳೆಯನ ಫೋನ್. "ನಾಳೆಯಿಂದ ಕೆಲ್ಸಕ್ಕೆ ಬರಬೇಡ ಅಂದ್ಬಿಟ್ರು ಕಣೋ. ವೀಸಾ ಡೇಟ್ ಮುಗಿದಿದೆಯಂತೆ. ಅಪೀಲು ನಡೀತಿದೆ, ಕೆಲ್ಸ ಮಾಡ್ಬಹುದು ಅಂತಾರೆ ಲಾಯರ್. ಎಚ್‌ಆರ್‌ನೋರು ಕಾಗದ ತೋರ್ಸು ಅಂತಾರೆ. ಯಾವ ಕಾಗದ ತೋರಿಸ್ಲಿ?"

ವೀಕ್ಷಕರೇ, ಲಾಯರ್ ಹೇಳಿದ್ದು ಸರಿ. ಎಚ್‌ಆರ್‌ನವರ ಭಯಕ್ಕೂ ಕಾರಣ ಇತ್ತು. ಅದು ಹೇಗೆ ಅಂತೀರಾ?

ಬ್ರಿಟನ್ನಿನ 1971ರ ವಲಸೆ ಕಾಯ್ದೆಯಲ್ಲಿ 3ಸಿ ಅಂತ ಒಂದು ಸೆಕ್ಷನ್ ಇದೆ. ವೀಸಾ ಮುಗಿಯುವ ಮೊದಲೇ ನೀವು ವಿಸ್ತರಣೆಗೆ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೆ ಹಳೆಯ ವೀಸಾ ತಾನಾಗಿಯೇ ಮುಂದುವರಿಯುತ್ತದೆ. ಅರ್ಜಿ ತಿರಸ್ಕಾರವಾಗಿ, ಅಪೀಲಿಗೆ ಅವಕಾಶವಿದ್ದು, ಗಡುವಿನೊಳಗೆ ಅಪೀಲು ಹಾಕಿದರೆ, ಅದು ಮುಗಿಯುವವರೆಗೂ ಅಷ್ಟೇ. ಹಳೆಯ ವೀಸಾದಲ್ಲಿ ಕೆಲಸಕ್ಕೆ ಅನುಮತಿ ಇತ್ತಾ? ಹಾಗಾದರೆ ಈಗಲೂ ಇದೆ. ಷರತ್ತುಗಳೂ ಅವೇ.

ತೊಂದರೆ ಎಲ್ಲಿ ಅಂದ್ರೆ, ಈ ಹಕ್ಕು ತಾನಾಗಿಯೇ ಬರುತ್ತದೆ, ಅದರ ಜೊತೆ ಪತ್ರ ಬರುವುದಿಲ್ಲ. ನಮ್ಮ ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ, ಲೈನಿನಲ್ಲಿ ಕರೆಂಟ್ ಇದೆ, ಇಂಡಿಕೇಟರ್ ಮಾತ್ರ ಉರಿಯುತ್ತಿಲ್ಲ. ನೋಡಿದವರೆಲ್ಲ ಕರೆಂಟೇ ಇಲ್ಲ ಅಂತಾರೆ.

ಕಂಪನಿಗಳಿಗೆ ಭಯ ಯಾಕೆ? ಹಕ್ಕಿಲ್ಲದವರನ್ನು ಕೆಲಸಕ್ಕಿಟ್ಟುಕೊಂಡರೆ ದಂಡ. ಮೊದಲ ಸಲ ಸಿಕ್ಕಿಬಿದ್ದರೆ ಒಬ್ಬ ನೌಕರನಿಗೆ 15 ಸಾವಿರ ಪೌಂಡ್‌ವರೆಗೆ ಇದ್ದದ್ದು 2024ರ ಫೆಬ್ರವರಿಯಲ್ಲಿ 45 ಸಾವಿರಕ್ಕೆ ಏರಿತು. ನಮ್ಮ ಲೆಕ್ಕದಲ್ಲಿ 40 ಲಕ್ಷ ರೂಪಾಯಿಗೂ ಮೇಲೆ. ಇಷ್ಟು ದಂಡ ಎದುರಿಗಿದ್ದರೆ ಯಾವ ಎಚ್‌ಆರ್ ರಿಸ್ಕ್ ತಗೊಳ್ತಾರೆ?

ದಾರಿ ಇದೆ. ಅಲ್ಲಿನ ಗೃಹ ಇಲಾಖೆಯಲ್ಲಿ ಎಂಪ್ಲಾಯರ್ ಚೆಕಿಂಗ್ ಸರ್ವಿಸ್ ಅಂತ ಒಂದು ವ್ಯವಸ್ಥೆ ಇದೆ. ಕಂಪನಿ ಆನ್‌ಲೈನಿನಲ್ಲಿ ವಿಚಾರಿಸಿದರೆ ಸಾಮಾನ್ಯವಾಗಿ 5 ಕೆಲಸದ ದಿನದೊಳಗೆ ಉತ್ತರ ಬರುತ್ತದೆ. 'ಹೌದು, ಇವರು ಕೆಲಸ ಮಾಡಬಹುದು' ಎಂಬ ನೋಟಿಸ್ ಸಿಕ್ಕರೆ ಕಂಪನಿಗೆ 6 ತಿಂಗಳ ರಕ್ಷಣೆ. ಆಮೇಲೆ ಮತ್ತೆ ಕೇಳಬೇಕು. ಗಮನಿಸಿ, ಕೇಳಬೇಕಾದವರು ಕಂಪನಿಯವರು, ನೌಕರ ಕೇಳುವಂತಿಲ್ಲ. ಹಕ್ಕು ಇವನದು, ಬೀಗದ ಕೈ ಅವರದು!

ಗೆಳೆಯನ ವಿಷಯದಲ್ಲಿ ಆಗಿದ್ದೂ ಇದೇ. ಹಳೆಯ ನೋಟಿಸಿನ 6 ತಿಂಗಳು ಮುಗಿದಿತ್ತು, ಹೊಸದಾಗಿ ಬಂದ ಎಚ್‌ಆರ್‌ಗೆ ಮತ್ತೆ ಕೇಳಬೇಕು ಅನ್ನುವುದೇ ಗೊತ್ತಿರಲಿಲ್ಲ. ಲಾಯರ್ ಕೈಲಿ ಪತ್ರ ಬರೆಸಿ, ಅಪೀಲಿನ ವಿವರ ಕೊಟ್ಟು ಕೇಳಿಸಿದ. ಮತ್ತೆ ಕೆಲಸಕ್ಕೆ ಕರೆದರು. ಅಷ್ಟರಲ್ಲಿ 11 ದಿನದ ಸಂಬಳ ಹೋಗಿತ್ತು. ಬಾಡಿಗೆ ಕಟ್ಟಲು ಹೆಂಡತಿಯ ಹತ್ತಿರ ಕೈಚಾಚಿದೆ ಅನ್ನುವಾಗ ಅವನ ದನಿ ಸಣ್ಣದಾಗಿತ್ತು.

ಇದು ಅವನೊಬ್ಬನ ಕಥೆಯಲ್ಲ. ಆರೋಗ್ಯ ಸೇವೆಯಲ್ಲಿದ್ದ ಒಬ್ಬ ಮಹಿಳೆ ಇದೇ ಕಾರಣಕ್ಕೆ ಕೆಲಸದಿಂದ ಅಮಾನತಾಗಿ ಕೋರ್ಟಿಗೆ ಹೋದರು. 3ಸಿಯಲ್ಲಿರುವವರಿಗೆ ಡಿಜಿಟಲ್ ಪುರಾವೆ ಕೊಡದಿರುವುದು ಕಾನೂನುಬಾಹಿರ ಅಂತ 2024ರ ಜೂನ್‌ನಲ್ಲಿ ಲಂಡನ್ನಿನ ಹೈಕೋರ್ಟ್ ಹೇಳಿತು. ಹಕ್ಕು ಕೊಟ್ಟವರೇ ಗುರುತೂ ಕೊಡಬೇಕು. ನ್ಯಾಯವಾದ ಮಾತು ತಾನೇ?

ಇನ್ನೊಂದು ಮಾತು. 3ಸಿಯಲ್ಲಿರುವಾಗ ಬ್ರಿಟನ್ ಬಿಟ್ಟು ಹೊರಟರೆ ಆ ರಕ್ಷಣೆ ಅಲ್ಲಿಗೇ ಖಲಾಸ್. ಗೆಳೆಯ ತಂಗಿಯ ಮದುವೆಗೆ ಬರಲಿಲ್ಲ. 'ಲಂಡನ್ ಸೇರಿದ ಮೇಲೆ ಊರು ಮರೆತ' ಅಂತ ನೆಂಟರು ಆಡಿಕೊಂಡರು. ಅವನು ಮರೆತಿರಲಿಲ್ಲ, ವಿಮಾನ ಹತ್ತುವಂತಿರಲಿಲ್ಲ.

ನಿಮ್ಮ ಮಗನೋ ಮಗಳೋ ಅಲ್ಲಿದ್ದರೆ, ಊಟ ಆಯ್ತಾ ಅಂತ ಕೇಳುವ ಜೊತೆಗೆ ಇದನ್ನೂ ಕೇಳಿ: ವೀಸಾ ಮುಗಿಯುವ ಮುಂಚೆ ಅರ್ಜಿ ಹಾಕಿದ್ದೀಯಾ? ಅದರ ರಸೀದಿ ಎತ್ತಿಟ್ಟಿದ್ದೀಯಾ? ಕಂಪನಿಯವರ ನೋಟಿಸ್ ಯಾವತ್ತು ಮುಗಿಯುತ್ತೆ?